ಗೊರಕೆ: ಹೊಂಬಾಳಮ್ಮ, ಎಂಟನೇ ಬಿ

ಕರಪತ್ರದಲ್ಲಿ ಹಾಗೇ ಅಚ್ಚಾಗಿತ್ತು.
ರಾಜ: ಜವರೇಶ. ಮಂತ್ರಿ: ಮುನೀರ.
ಆಸ್ಥಾನದ ಸೊಳ್ಳೆಗಳು: ಒಂಬತ್ತನೇ ತರಗತಿಯ ಇಬ್ಬರು.
ಗೊರಕೆ: ನಾನು.

ಲೆಕ್ಕದ ಚಂದ್ರಮತಿ ಟೀಚರ್ ಬರೆದ ಹಾಡುನಾಟಕ.
ಕತೆ ಇಷ್ಟೇ: ಒಬ್ಬ ರಾಜ, ಅವನ ಗೊರಕೆ ಕೇಳಿದರೇ
ಊರಿಗೆಲ್ಲ ನಿದ್ದೆ. ಆ ತಾಳಕ್ಕೇ ರಾಗಿ ಬೀಸೋದು,
ಆ ತಾಳಕ್ಕೇ ತೊಟ್ಟಿಲು ತೂಗೋದು.
ಒಂದಿನ ಗೊರಕೆ ನಿಂತುಹೋಗುತ್ತೆ. ಯಾರಿಗೂ ಕಣ್ಣು ಹತ್ತಲ್ಲ.
ಪ್ರಜೆಗಳು ಅದನ್ನು ಹುಡುಕಿ ಹೊರಡುತ್ತಾರೆ
ದೀಪ ಹಿಡಕೊಂಡು, ಹಾಡಿಕೊಂಡು, ಬಾವಿಯೊಳಗೂ ಇಣುಕಿ.

ಜವರೇಶನಿಗೆ ಎಷ್ಟು ಹೇಳಿಕೊಟ್ಟರೂ ಗೊರಕೆ ಬರಲಿಲ್ಲ. ಹೊಡೆದರೆ
ಹಂದಿಮರಿ ಕಿರುಚಿದ ಹಾಗೆ. ಅದಕ್ಕೇ ನನ್ನನ್ನು
ಮಂಚದ ಕೆಳಗೆ ಮಲಗಿಸಿದರು, ಕೈಗೊಂದು ಮೈಕು ಕೊಟ್ಟು.
ಒಂದು ತಿಂಗಳು ಕಲಿತೆ ಸ್ವಾಮಿ, ರಾತ್ರಿ ತಾತನ ಪಕ್ಕ ಕೂತು,
ಶಿಳ್ಳೆ ಎಲ್ಲಿ ಹೊರಡುತ್ತೆ, ಕೆಮ್ಮು ಎಲ್ಲಿ ಸೇರುತ್ತೆ,
ಉಸಿರು ಎಲ್ಲಿ ಹೊಸಿಲು ದಾಟದೆ ನಿಲ್ಲುತ್ತೆ, ಎಲ್ಲ.
ಡ್ರಿಲ್ ಮೇಷ್ಟ್ರು ಕಾಳಿಂಗಯ್ಯ ಹಾರ್ಮೋನಿಯಮ್ಮಿನ ಕರಿ ಎರಡು ಒತ್ತಿ
'ಇಲ್ಲೇ ಇರು ಮಗಳೇ, ಜಾರಬೇಡ' ಅಂದರು.
ಜಾರಲಿಲ್ಲ.

ಶನಿವಾರ ಸಂಜೆ. ಪಾಂಡವಪುರದಿಂದ ಸೀನರಿ,
ಮಂಡ್ಯದಿಂದ ಬಾಡಿಗೆ ಕಿರೀಟ. ಹಿಂದಿನ ರಾತ್ರಿ
ಇನ್ಯಾವುದೋ ಊರಲ್ಲಿ ಯುದ್ಧ ಸೋತು ಬಂದದ್ದು,
ಒಳಗೆ ಇನ್ನೂ ಆ ಊರಿನ ಬೆವರು.

ಪರದೆ ಎದ್ದಿತು. ಶುರು ಮಾಡಿದೆ, ಕರಿ ಎರಡರಲ್ಲೇ.
ಮೂರನೇ ಗೊರಕೆಗೆ ಮೇಲಿಂದ ಇನ್ನೊಂದು ಬಂತು.
ನನ್ನದಲ್ಲ.
ದಪ್ಪ, ಒರಟು, ಜಲ್ಲೆಗಟ್ಟಲೆ ಕಬ್ಬು ನುಂಗುವ ಗಾಣದ ಹಾಗೆ,
ಶ್ರುತಿಯ ಹಂಗೇ ಇಲ್ಲದ್ದು.
ನವಾರಿನ ಸಂದಿಯಿಂದ ಚಿವುಟಿದೆ. ಬೆನ್ನು ಕದಲಲಿಲ್ಲ.

ಮುನೀರ ಬಂದ. ಅವನಿಗಿದ್ದ ಮಾತು ಒಂದೇ, ಅದನ್ನೇ ಹೇಳಿದ:
'ಅಯ್ಯಯ್ಯೋ ಪ್ರಜೆಗಳೇ, ಗೊರಕೆ ನಿಂತುಹೋಯಿತು!'
ಗೊರ್ರ್, ಅಂದಿತು ಮಂಚ.
ಜನ ಬಿದ್ದು ಬಿದ್ದು ನಕ್ಕರು.
'ನಿಂತುಹೋಯಿತು ಅಂದೆ!' ಮುನೀರನ ಕಣ್ಣಲ್ಲಿ ನೀರು.
ಗೊರ್ರ್.
ಪ್ರಜೆಗಳು, ಪಾಪ, ಇರುವ ಗೊರಕೆಯ ಸುತ್ತಲೇ
ದೀಪ ಹಿಡಿದು ಗೊರಕೆ ಹುಡುಕಿದರು,
ಬಾವಿಗೆ ಇಣುಕಿ 'ಇಲ್ಲೂ ಇಲ್ಲ' ಎಂದು ಹಾಡಿದರು.
ಸೊಳ್ಳೆಗಳಲ್ಲೊಂದು ರಾಜನ ತೋಳನ್ನು ನಿಜವಾಗಿಯೇ ಕಚ್ಚಿತು.
ಟೀಚರ್ ವಿಂಗಿನಿಂದ ಚೊಂಬು ನೀರು ಹಿಡಿದು ಬಂದರು.

ಆಗ ಹೆಂಗಸರ ಸಾಲಿನಿಂದ ಅವರವ್ವ ಎದ್ದಳು:
'ಏಳುಸ್ಬ್ಯಾಡಿ ಕನ್ರವ್ವ. ನಾಲೆ ನೀರಿನ ಸರದಿ ನಮ್ದು
ರಾತ್ರಿ ಎಲ್ಡು ಗಂಟ್ಗೆ ಬಂತು. ಒಬ್ನೇ ಬೆಳಗಾನ
ನೀರ್ ಕಟ್ಟವ್ನೆ. ವಸಿ ಮಲ್ಗ್ಲಿ ಬುಡಿ.'

ಚೊಂಬು ಅಲ್ಲೇ ನಿಂತಿತು.
ಕಾಳಿಂಗಯ್ಯ ಮೇಷ್ಟ್ರು ತಿದಿ ಒತ್ತುತ್ತಲೇ ಕಿವಿ ಕೊಟ್ಟು,
ಕರಿ ಎರಡು ಬಿಟ್ಟು ಬಿಳಿ ಒಂದಕ್ಕೆ ಇಳಿದು,
ಅದೂ ಸಾಲದೆ ಇನ್ನೂ ಇಳಿದು
ಅವನ ಗೊರಕೆ ಇದ್ದ ಜಾಗ ಹುಡುಕಿ ಕೂತರು.
ಇಪ್ಪತ್ತೆರಡು ಮಕ್ಕಳು ಗಂಟಲು ಹರಿಯೋ ಹಾಗೆ
ಹಾಡಬೇಕಿದ್ದ ಕೊನೆಯ ಹಾಡು ಪಿಸುದನಿಯಲ್ಲಿ ಮುಗಿಯಿತು.
ಅಟೆಂಡರು ಪರದೆಯನ್ನು, ರಾಟೆ ಕಿರುಗುಟ್ಟೀತೆಂದು, ಗೇಣು ಗೇಣು ಇಳಿಬಿಟ್ಟ.
ಚಪ್ಪಾಳೆ? ಜನ ಕೈ ಎತ್ತಿ, ನೆನಪಾಗಿ,
ಮತ್ತೆ ಮಡಿಲಿಗೇ ಇಳಿಸಿಕೊಂಡರು.

ಅಷ್ಟು ಹೊತ್ತೂ ಆಫೀಸ್ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದ
ತೀರ್ಪುಗಾರರು ಬಂದು, ಕರಪತ್ರ ನೋಡಿ ಕೂಗಿದರು:
'ಅತ್ಯುತ್ತಮ ಅಭಿನಯ, ಗೊರಕೆ!'
ಮಂಚದಡಿಯಿಂದ ತೆವಳಿ ಬಂದು, ಮಂಡಿಯ ಧೂಳು ಕೊಡವಿ,
ಸ್ಟೀಲ್ ಡಬ್ಬಿ ಇಸಕೊಂಡೆ. ಬೇಡ ಅನ್ನಲಿಲ್ಲ.
ಇವತ್ತಿಗೂ ನಮ್ಮನೆ ಸಾಸಿವೆ ಅದರಲ್ಲೇ.

ಸೋಮವಾರ ಪ್ರಾರ್ಥನೆಗೆ ಸಾಲು ನಿಂತಾಗ ಜವರೇಶ
ಕುತ್ತಿಗೆ ಹೊರಳಿಸಿ ಕೇಳಿದ: 'ನಾಟ್ಕ ಹೆಂಗಾಯ್ತಮ್ಮಿ?'
'ಚೆನ್ನಾಗಾಯ್ತು ಕಣ್ಲಾ' ಅಂದೆ,
'ನೀನೂ ಇರ್ಬೇಕಿತ್ತು.'